ಸಾವಯವ ಒಕ್ಕಲುತನವೂ ತೊಗರಿಯ ಬೀಜವೂ

ಕೇಂದ್ರ ಸರಕಾರವು 2024ರ ನವೆಂಬರ ತಿಂಗಳಲ್ಲಿ ನೈಸರ್ಗಿಕ ಕೃಷಿಯ ರಾಷ್ಟ್ರೀಯ ಅಭಿಯಾನಕ್ಕೆ ಒಪ್ಪಿಗೆಯಿತ್ತು, ಅದಕ್ಕಾಗಿ 2,481 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. ವರ್ಷ ತುಂಬುವದರೊಳಗಾಗಿಯೇ, 2025ರ ಅಕ್ಟೋಬರದಲ್ಲಿ, ತೊಗರಿ, ಉದ್ದು, ಮಸೂರ ಈ ಮೂರು ಕಾಳುಗಳಲ್ಲಿ ದೇಶವು ಪರರ ಬಾಯಿ ನೋಡುವದನ್ನು ಬಿಡಬೇಕೆಂಬ ಧ್ಯೇಯದಿಂದ 11,440 ಕೋಟಿ ರೂಪಾಯಿಗಳ ಇನ್ನೊಂದು ಅಭಿಯಾನಕ್ಕೆ ಮಂಜೂರಾತಿ ದೊರೆಯಿತು. ಎರಡೂ ಉದ್ದೇಶಗಳು ಶ್ಲಾಘ್ಯವಾದವುಗಳೆಂಬದರಲ್ಲಿ ಸಂಶಯವಿಲ್ಲ. ಆದರೆ ದಿಲ್ಲಿಯ ದಫ್ತರಗಳಲ್ಲಿ ಬೇರೆಬೇರೆ ಕಡತಗಳಾಗಿ ಹುಟ್ಟಿದ ಈ ಎರಡು ಯೋಜನೆಗಳು ಕೊನೆಗೆ ಬಂದು ಸೇರಬೇಕಾದದ್ದು ಒಬ್ಬನೇ ರೈತನ ಒಂದೇ ಹೊಲದಲ್ಲಿ. ಅಂಥ ಹೊಲವನ್ನು ಕಾಣಬೇಕೆನ್ನುವವರು ಬೀದರ, ಭಾಲ್ಕಿ, ಔರಾದ ಈ ತಾಲೂಕುಗಳ ಕಡೆಗೆ ದೃಷ್ಟಿ ಹೊರಳಿಸಿದರೆ ಸಾಕು.

ಮೊದಲನೆಯ ಅಭಿಯಾನದ ಲೆಕ್ಕದಲ್ಲಿ ಗೊಬ್ಬರ, ಕಷಾಯ, ರೈತರ ಗುಂಪು, ಪ್ರಮಾಣಪತ್ರ ಇವುಗಳಿಗೆ ಅಗ್ರಸ್ಥಾನ. ಎರಡನೆಯದರ ಲೆಕ್ಕದಲ್ಲಿ ಬೀಜದ ಕ್ವಿಂಟಲುಗಳೂ ಬಿತ್ತಿಗೆಯ ಹೆಕ್ಟೇರುಗಳೂ ಮುಂದು. ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕವನ್ನೂ ತ್ಯಜಿಸಿದ ಹೊಲದಲ್ಲಿ ತಾನೇ ತನ್ನನ್ನು ಕಾಪಾಡಿಕೊಳ್ಳಬಲ್ಲ ತೊಗರಿಯನ್ನು ತಳಿಯೆಬ್ಬಿಸುವವರು ಯಾರು ಎಂಬ ಪ್ರಶ್ನೆಯು ಎರಡರ ನಡುವಿನ ಬದುವಿನಲ್ಲಿ ಅನಾಥವಾಗಿ ನಿಂತಿದೆ. ಈ ಪ್ರಶ್ನೆಯನ್ನು ಬಗೆಹರಿಸದೆ ಸಾವಯವದ ಮಾತನ್ನಾಡುವದು, ಸೈನಿಕನ ಕೈಯಿಂದ ಢಾಲನ್ನು ಕಸಿದುಕೊಂಡು ರಣರಂಗಕ್ಕೆ ಕಳಿಸಿದಂತೆಯೇ ಸರಿ.

ಬೀದರ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಬೀದರ ನಗರವು ಕೂತಿರುವ ಪ್ರಸ್ಥಭೂಮಿಯದು ಕೆಂಪು ಜಂಬಿಟ್ಟಿಗೆಯ ನೆಲ. ಮಾಂಜ್ರಾ ಮತ್ತು ಕಾರಂಜಾ ನದಿಗಳು ಹರಿಯುವ ಭಾಲ್ಕಿ, ಔರಾದ ಪ್ರಾಂತಗಳಲ್ಲಿ ಎರೆಭೂಮಿಯೇ ಹೆಚ್ಚು. ಈ ನೆಲವನ್ನೆಲ್ಲ ತಲೆತಲಾಂತರದಿಂದ ಸಾಕಿದ್ದು ಕಾಳಿನ ಬೆಳೆಗಳು. ಉದ್ದು, ಹೆಸರು, ತೊಗರಿ, ಕಡಲೆ, ಜೋಳ ಇವು ಒಂದರ ಬೆನ್ನಿಗೆ ಒಂದಾಗಿಯೂ, ಒಂದರ ಮಗ್ಗುಲಲ್ಲಿ ಒಂದು ಅಕ್ಕಡಿ ಸಾಲಾಗಿಯೂ ನಿಂತು ಮನೆಗೆ ಅನ್ನವನ್ನೂ, ದೇವಣಿ ದನಗಳಿಗೆ ಹೊಟ್ಟು ಮೇವುಗಳನ್ನೂ, ಭೂಮಿಗೆ ಸಾರವನ್ನೂ ಒದಗಿಸುತ್ತಿದ್ದವು. ಕಳೆದ ಕೆಲವು ದಶಕಗಳಲ್ಲಿ ಸೋಯಾ ಅವರೆಯು ಮುಂಗಾರಿನ ಹೊಲದ ಬಹುಭಾಗವನ್ನು ಆಕ್ರಮಿಸಿದೆ. ಆದರೂ ತೊಗರಿಯು ಇನ್ನೂ ತನ್ನ ಸಾಲುಗಳನ್ನು ಬಿಟ್ಟುಕೊಟ್ಟಿಲ್ಲ.

ಈ ತೊಗರಿಯ ವಿಷಯವನ್ನು ಬರೆಯುವಾಗ 1997-98ರ ಹಂಗಾಮನ್ನು ಮರೆಯುವದು ಸಾಧ್ಯವಿಲ್ಲ. ಆ ವರ್ಷ ಕಾಯಿಕೊರಕ ಹುಳುವಿನ ಹಾವಳಿಯು ಕಲಬುರ್ಗಿ, ಬೀದರ ಜಿಲ್ಲೆಗಳ ತೊಗರಿಯನ್ನು ನೆಲಸಮ ಮಾಡಿತು. ರೈತರು ಅಂಗಡಿಯಿಂದ ಉದ್ದರಿ ತಂದು ಹೊಡೆದ ಎಣ್ಣೆಗೆ ಹುಳು ಸಾಯಲಿಲ್ಲ. ಅದೇ ಔಷಧಗಳನ್ನು ವರ್ಷವರ್ಷವೂ ಉಂಡು ಅರಗಿಸಿಕೊಂಡ ಹುಳು ಅವಕ್ಕೆ ಅಂಜುವದನ್ನೇ ಬಿಟ್ಟಿತ್ತು. ಬೆಳೆಯೂ ಹೋಯಿತು, ಸಾಲವೂ ಉಳಿಯಿತು. ಬೀದರ ಜಿಲ್ಲೆಯಿಂದ ಒಂದರ ಹಿಂದೊಂದು ಆತ್ಮಹತ್ಯೆಯ ಸುದ್ದಿಗಳು ಬಂದು ನಾಡಿನ ಎದೆ ನಡುಗಿತು. ಸಮಾಜಶಾಸ್ತ್ರಜ್ಞೆ ಎ. ಆರ್. ವಾಸವಿಯವರು ಈ ದುರಂತವನ್ನು ಅಭ್ಯಾಸ ಮಾಡಿ 1999ರಲ್ಲಿ ಪ್ರಕಟಿಸಿದ ಲೇಖನವು, ಮಾರುಕಟ್ಟೆಯೂ ಸರಕಾರವೂ ರೈತನ ಸಾವಿನಲ್ಲಿ ಹೇಗೆ ಪಾಲುಗಾರರಾಗುತ್ತವೆಂಬದನ್ನು ದೇಶದ ಮುಂದಿಟ್ಟಿತು. ಬೀದರದಲ್ಲಿ ಸಾವಯವ ಒಕ್ಕಲುತನದ ವಿಚಾರವು ಪಟ್ಟಣಿಗರ ಊಟದ ರುಚಿಗಾಗಿ ಹುಟ್ಟಿದ್ದಲ್ಲ, ಸಾಲದ ಎಣ್ಣೆಯಿಂದ ಬಿಡುಗಡೆ ಹೊಂದುವ ಅವಶ್ಯಕತೆಯಿಂದ ಹುಟ್ಟಿದ್ದು. ಇದನ್ನು ಅಧಿಕಾರಿವರ್ಗವು ಮೊದಲು ಮನಗಾಣಬೇಕು.

ಔಷಧವನ್ನು ಕೈಬಿಟ್ಟ ರೈತನಿಗೆ ಉಳಿಯುವ ದೊಡ್ಡ ಆಸರೆ ಗಿಡದ ಹುಟ್ಟುಗುಣ. ತೊಗರಿಯ ಇತಿಹಾಸವೇ ಇದಕ್ಕೆ ಸಾಕ್ಷಿ. ನಿಂತ ಗಿಡವನ್ನು ಬೇರಿನಿಂದ ಒಣಗಿಸುವ ನೆಟೆರೋಗವನ್ನು ಬಟ್ಲರ್ ಎಂಬ ಶಾಸ್ತ್ರಜ್ಞರು 1906ರಲ್ಲಿಯೇ ವರದಿ ಮಾಡಿದ್ದರು. ಮಣ್ಣಿನಲ್ಲಿ ಅಡಗಿರುವ ಶಿಲೀಂಧ್ರವು ಇದಕ್ಕೆ ಮೂಲ. ಅದು ಹಿಂದಿನ ಬೆಳೆಯ ಕೊಳೆಯದ ಕೂಳೆಯಲ್ಲಿ ಮೂರು ವರ್ಷಗಳವರೆಗೂ ಜೀವ ಹಿಡಿದಿರಬಲ್ಲದು. ಇನ್ನೊಂದು ಗೊಡ್ಡುರೋಗ. ಕಣ್ಣಿಗೆ ಕಾಣದ ನುಸಿಯೊಂದು ಹೊತ್ತು ತರುವ ಈ ನಂಜಿನಿಂದ ಗಿಡವು ಹಸಿರಾಗಿಯೇ ನಿಂತು ಹೂ ಬಿಡದೆ ಬಂಜೆಯಾಗುತ್ತದೆ. ನೆಟೆಯ ಶಿಲೀಂಧ್ರವನ್ನು ಹೊಲದ ತುಂಬ ಔಷಧ ಸುರಿದು ನಿರ್ಮೂಲ ಮಾಡುವದು ಶ್ರೀಮಂತನಿಗೂ ಸಾಧ್ಯವಿಲ್ಲ. ಹೀಗಿರುವಾಗ ನಿಜವಾದ ಪರಿಹಾರವನ್ನು ತಂದುಕೊಟ್ಟದ್ದು ತಳಿಶಾಸ್ತ್ರವೇ.

ಬೀದರಕ್ಕೆ ನೆರೆಯಂತಿರುವ ತೆಲಂಗಾಣದ ಪಟಾಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್, ನೆಟೆರೋಗದ ಮಣ್ಣಿನಲ್ಲಿಯೇ ಸಾವಿರಾರು ಬಗೆಯ ತೊಗರಿಯನ್ನು ಬಿತ್ತಿ, ಸಾಯದೆ ಉಳಿದವುಗಳನ್ನು ಆರಿಸಿತು. ಹಾಗೆ ಆರಿಸಿದ ತಳಿಯೊಂದು 1986ರಲ್ಲಿ ಮಾರುತಿ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಕೆಲವೇ ವರ್ಷಗಳಲ್ಲಿ ಉತ್ತರ ಕರ್ನಾಟಕದ ತೊಗರಿ ಹೊಲಗಳಲ್ಲಿ ಅದು ಮನೆಮಾತಾಯಿತು. ಆದರೆ ನೆಟೆಗೆ ಮಣಿಯದ ಮಾರುತಿಯು ಗೊಡ್ಡುರೋಗಕ್ಕೆ ಮಣಿಯಿತು. ಆಮೇಲೆ ಎರಡೂ ರೋಗಗಳನ್ನು ತಡೆಯಬಲ್ಲ ಆಶಾ ಎಂಬ ತಳಿಯು 1993ರಲ್ಲಿ ಬಂತು. ಮರಾಠವಾಡದ ಬದ್ನಾಪುರದಿಂದ ಬಿಎಸ್ಎಂಆರ್-736 ಬಂತು. ಕಲಬುರ್ಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್, ಜಿಆರ್‌ಜಿ-811 ಮೊದಲಾದವು ಬಂದವು. ಇಷ್ಟಾದರೂ 2022ರ ಮುಂಗಾರು ಪೈರಿನಲ್ಲಿ ನೆಟೆಯು ಈ ಸೀಮೆಯ ತೊಗರಿಯನ್ನು ಮತ್ತೆ ಒಣಗಿಸಿತು. ರಾಜ್ಯ ಸರಕಾರವು ಹೆಕ್ಟೇರಿಗೆ 10,000 ರೂಪಾಯಿಗಳ ಪರಿಹಾರವನ್ನು ಸಾರಬೇಕಾಯಿತು. ಗೆದ್ದೆವೆಂದುಕೊಂಡ ರೋಗವು ಮರಳಿ ಬಂದುದಕ್ಕೆ ಕಾರಣವೇನು? ಶಿಲೀಂಧ್ರವೂ ಬದಲಾಗುವ ಜೀವಿ. ರೈತನ ಮನೆಯಲ್ಲಿ ಬೆರಕೆಯಾದ ಬೀಜವೂ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ತೊಗರಿಯ ಮೇಲೆಯೇ ತೊಗರಿ ಬಿತ್ತಿದ ಹೊಲವು ರೋಗಕ್ಕೆ ತವರಾಗುತ್ತದೆ.

ಇದು ನಮ್ಮೊಂದು ಮೂಲೆಯ ಕಥೆಯಷ್ಟೇ ಅಲ್ಲ. ಬೀದರದ ಬಿಸಿಲಿನಲ್ಲಿ ಎಂದೂ ಬೆಳೆಯಲಾರದ, ಚಳಿಯ ನಾಡನ್ನೇ ಬೇಡುವ ಹೇಜಲ್ ಎಂಬ ಕಾಯಿಯ ಬೆಳೆಗಾರರೂ ಇದೇ ಪಾಠವನ್ನು ಕಲಿತಿದ್ದಾರೆ. ಅಮೇರಿಕದ ಹೇಜಲ್ ಬೆಳೆಯು ಬಹುಮಟ್ಟಿಗೆ ಆರೆಗನ್ ಸಂಸ್ಥಾನದ ವಿಲ್ಲಾಮೆಟ್ ಕಣಿವೆಯದು. ಆ ದೇಶದ ಪೂರ್ವಭಾಗದ ಕಾಡುಹೇಜಲ್ಲಿನಲ್ಲಿ ದೊಡ್ಡ ಹಾನಿ ಮಾಡದೆ ಬದುಕಿದ್ದ ಶಿಲೀಂಧ್ರವೊಂದು 1986ರಲ್ಲಿ ಆರೆಗನ್ನಿನಲ್ಲಿ ಕಾಣಿಸಿಕೊಂಡು, ತೋಟದ ಮರಗಳ ಟೊಂಗೆಗಳನ್ನು ಒಣಗಿಸತೊಡಗಿತು. ಬೆಳೆಗಾರರು ಟೊಂಗೆ ಕಡಿದರು, ಔಷಧ ಸಿಂಪಡಿಸಿದರು, ರೋಗ ನಿಲ್ಲಲಿಲ್ಲ. ಕೊನೆಗೆ ಕೈಹಿಡಿದದ್ದು ಗ್ಯಾಸವೇ ಎಂಬ ಹಳೆಯ ತಳಿ. ಅದರ ಫಸಲು ಕಡಿಮೆ, ಕಾಯಿಯೂ ಅಷ್ಟಕ್ಕಷ್ಟೆ. ತೋಟದಲ್ಲಿ ಪರಾಗಕ್ಕಾಗಿ ಮಾತ್ರ ಇಟ್ಟುಕೊಂಡಿದ್ದ ಮರವದು. ಅದರಲ್ಲಿದ್ದ ರೋಗನಿರೋಧಕ ಗುಣವನ್ನು ಅಲ್ಲಿಯ ವಿಶ್ವವಿದ್ಯಾಲಯವು ದಶಕಗಳ ಕಾಲ ಒಳ್ಳೆಯ ತಳಿಗಳೊಡನೆ ಕೂಡಿಸುತ್ತ ಬಂದು, 2009ರಲ್ಲಿ ಜೆಫರ್ಸನ್ ಎಂಬ ಹೊಸ ತಳಿಯನ್ನು ಬಿಡುಗಡೆ ಮಾಡಿತು. ಅದೇ ದೇಶದ ನ್ಯೂಜೆರ್ಸಿಯಲ್ಲಾದರೋ ಗ್ಯಾಸವೇಯ ಆ ಒಂದು ಗುಣವನ್ನು ಮೀರಬಲ್ಲ ಶಿಲೀಂಧ್ರಗಳು ಕಂಡವು. ಆದುದರಿಂದ ಅಲ್ಲಿಯ ಶಾಸ್ತ್ರಜ್ಞರು ಒಂದೇ ಬೇಲಿಯನ್ನು ನಂಬದೆ, ಬೇರೆಬೇರೆ ಮೂಲಗಳಿಂದ ನಿರೋಧವನ್ನು ಹುಡುಕಿ ತರುತ್ತಿದ್ದಾರೆ.

ಇದರಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಫಸಲಿಗೆ ಬಾರದೆಂದು ಮೂಲೆಗುಂಪು ಮಾಡಿದ ಹಳೆಯ ತಳಿಯಲ್ಲಿ ನಾಳಿನ ಸಂಜೀವಿನಿ ಇರಬಹುದು. ತಳಿಯೆಬ್ಬಿಸುವ ಕೆಲಸ ಒಮ್ಮೆ ಮಾಡಿ ಮುಗಿಸುವಂಥದಲ್ಲ. ರೋಗವು ನಡೆಯುತ್ತಿರುವವರೆಗೂ ನಾವೂ ನಡೆಯುತ್ತಿರಬೇಕು. ಹೇಜಲ್ ಮರ ನೆಟ್ಟವನು ಫಲಕ್ಕಾಗಿ ವರ್ಷಗಟ್ಟಲೆ ಕಾಯಬೇಕು. ತೊಗರಿಯಾದರೋ ಆರು ತಿಂಗಳ ಒಳಗಿನ ಬೆಳೆ. ಅವರಿಗೆ ಒಂದು ತಲೆಮಾರು ಹಿಡಿದ ಕೆಲಸವು ನಮ್ಮಲ್ಲಿ ಅದಕ್ಕಿಂತ ಬೇಗ ಸಾಗಬಲ್ಲದು. ಕೊರತೆಯಿರುವದು ಕಾಲದ್ದಲ್ಲ, ಸಂಕಲ್ಪದ್ದು.

ಸಾವಯವ ಹೊಲಕ್ಕೆ ತಕ್ಕ ತೊಗರಿಯಲ್ಲಿ ಇರಬೇಕಾದ ಗುಣಗಳು ಯಾವವು? ರೋಗನಿರೋಧವೊಂದೇ ಸಾಲದು. ತೊಗರಿಯ ಬೇರು ಆಳಕ್ಕಿಳಿಯುವದೂ, ಗಾಳಿಯ ಸಾರಜನಕವನ್ನು ನೆಲಕ್ಕೆ ಕೂಡಿಸುವದೂ ಎಲ್ಲರಿಗೂ ಗೊತ್ತಿದ್ದ ಮಾತು. ಆದರೆ ಪಟಾಂಚೆರುವಿನಲ್ಲಿ ಕೆಲಸ ಮಾಡಿದ ಜಪಾನೀ ಶಾಸ್ತ್ರಜ್ಞರೇ ಮೊದಲಾದವರು 1990ರಲ್ಲಿ ಇನ್ನೊಂದು ವಿಶೇಷವನ್ನು ಪ್ರಕಟಿಸಿದರು. ಕೆಂಪು ನೆಲದಲ್ಲಿ ಕಬ್ಬಿಣಕ್ಕೆ ಅಂಟಿಕೊಂಡು ಬೇರೆ ಬೆಳೆಗಳಿಗೆ ದಕ್ಕದೆ ಉಳಿಯುವ ರಂಜಕವನ್ನು ತೊಗರಿಯು ತನ್ನ ಬೇರಿನಿಂದ ಸ್ರವಿಸುವ ಆಮ್ಲದ ಬಲದಿಂದ ಬಿಡಿಸಿಕೊಳ್ಳುತ್ತದೆ. ಬೀದರದ ಕೆಂಪು ನೆಲದವರಿಗೆ ಇದಕ್ಕಿಂತ ಶುಭವಾರ್ತೆ ಇರಲಾರದು. ಆದರೆ ಚೀಲಗಟ್ಟಲೆ ಡಿಎಪಿ ಹಾಕಿದ ಪ್ರಯೋಗಕ್ಷೇತ್ರದಲ್ಲಿ ತಳಿಗಳನ್ನು ತೂಗಿ ನೋಡಿದರೆ ಈ ಗುಣವುಳ್ಳ ಗಿಡಕ್ಕೂ ಇಲ್ಲದ ಗಿಡಕ್ಕೂ ಇರುವ ಭೇದ ತೋರುವದೆಂತು? ಉಪವಾಸದಲ್ಲಿ ಬಾಳಬಲ್ಲವನನ್ನು ಔತಣದ ಪಂಕ್ತಿಯಲ್ಲಿ ಕೂಡಿಸಿ ಪರೀಕ್ಷಿಸಿದಂತಾಗುತ್ತದೆ.

ಎಳೆಯ ತೊಗರಿಯು ಮೊದಲಿನ ಒಂದೂವರೆ ಎರಡು ತಿಂಗಳು ಬಲು ನಿಧಾನವಾಗಿ ಬೆಳೆಯುತ್ತದೆ. ಕಳೆನಾಶಕವನ್ನು ಬಳಸದ ರೈತನಿಗೆ ಆ ಕಾಲವೇ ಅಗ್ನಿಪರೀಕ್ಷೆ. ಬೇಗ ಹರಡಿ ಕಳೆಯನ್ನು ಮುಚ್ಚುವ ತಳಿಯು ಅವನ ಎಡೆಕುಂಟೆಯ ಕೂಲಿಯನ್ನು ಉಳಿಸೀತು. ಜೋಳದೊಡನೆ ಬೆಳೆದ ತೊಗರಿಗೆ ನೆಟೆಯ ಬಾಧೆ ಕಡಿಮೆಯೆಂಬದು ಪ್ರಯೋಗದಿಂದ ಸಿದ್ಧವಾಗಿದೆ. ಜೋಳದ ತೆನೆಗೆ ಬರುವ ಹಕ್ಕಿಯು ತೊಗರಿಯ ಹುಳುವನ್ನೂ ಹೆಕ್ಕುತ್ತದೆ. ಆದುದರಿಂದ ಒಂಟಿ ಬೆಳೆಯಲ್ಲಿ ಮಾತ್ರವಲ್ಲದೆ ಅಕ್ಕಡಿ ಸಾಲಿನಲ್ಲಿಯೂ ಪರೀಕ್ಷಿಸಿದ ತಳಿ ಬೇಕು. ಕಾಯಿಕೊರಕಕ್ಕೆ ಪೂರ್ಣವಾಗಿ ಮಣಿಯದ ಬೆಳೆಸಿದ ತೊಗರಿಯು ಇನ್ನೂ ನಮ್ಮ ಕೈಗೆ ಬಂದಿಲ್ಲ. ಆ ಬಲವು ಕಾಡು ತೊಗರಿಯ ಜಾತಿಗಳಲ್ಲಿ ಕಂಡುಬಂದಿದೆ. ಅದು ಕೂಡಿ ಬರುವವರೆಗೆ, ಮೊದಲ ಹೂವನ್ನು ಹುಳು ತಿಂದರೂ ಮತ್ತೆ ಚಿಗುರಿ ಹೂಬಿಡುವ ಹಳೆಯ ಹರಡು ತಳಿಗಳ ಗುಣವನ್ನು ಕೀಳೆಂದು ತಳ್ಳುವದು ಜಾಣತನವಲ್ಲ.

ಇಲ್ಲಿ ಸಂಕರ ಬೀಜದ ಪ್ರಶ್ನೆ ಏಳುತ್ತದೆ. ತೊಗರಿಯಲ್ಲಿ ಸಂಕರ ತಳಿಗಳನ್ನು ಎಬ್ಬಿಸಿದ ಕೀರ್ತಿಯೂ ಪಟಾಂಚೆರುವಿನದೇ. ಅವುಗಳ ಇಳುವರಿ ಹೆಚ್ಚೆಂಬದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸಂಕರದ ಬೀಜವನ್ನು ರೈತನು ಮನೆಯಲ್ಲಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬಾರದು. ವರ್ಷವರ್ಷವೂ ಅಂಗಡಿಯ ಮೆಟ್ಟಿಲು ಹತ್ತಬೇಕು. ಔಷಧದ ಸಾಲದಿಂದ ಪಾರಾಗಿ ಬೀಜದ ಸಾಲಕ್ಕೆ ಬೀಳುವದು ಸ್ವಾತಂತ್ರ್ಯವಾದೀತೇ? 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯದೆಯು ರೈತನಿಗೆ ಬೀಜವನ್ನು ಕಾಯ್ದಿಟ್ಟುಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಕಂಪನಿಯ ಮುದ್ರೆಯಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿದೆ. ಹಕ್ಕು ಕಾಗದದಲ್ಲಿ ಉಳಿಯದೆ ಕಣಜಕ್ಕೆ ಇಳಿಯಬೇಕಾದರೆ, ಕಾಯ್ದಿಡಲು ಯೋಗ್ಯವಾದ ತಳಿಗಳನ್ನು ಸಾರ್ವಜನಿಕ ಸಂಸ್ಥೆಗಳೇ ಒದಗಿಸಬೇಕು.

ಬೀಜವನ್ನು ಕಾಯುವದೂ ಸುಲಭದ ಮಾತಲ್ಲ. ತೊಗರಿಯ ಹೂವಿಗೆ ಜೇನು ಬರುತ್ತದೆ. ನೆರೆಹೊಲದ ಪರಾಗ ಸೇರಿ ತಳಿ ಬೆರಕೆಯಾಗುತ್ತದೆ. ಪ್ರಮಾಣಿತ ಬೀಜದ ಹೊಲಕ್ಕೂ ಬೇರೆ ತೊಗರಿಯ ಹೊಲಕ್ಕೂ ನಡುವೆ ನೂರು ಮೀಟರಿನ ಅಂತರವಾದರೂ ಬೇಕಾಗುತ್ತದೆ. ಎರಡೆಕರೆಯ ಒಕ್ಕಲಿಗನು ಒಬ್ಬಂಟಿಯಾಗಿ ಈ ಅಂತರವನ್ನು ಎಲ್ಲಿಂದ ತಂದಾನು? ಊರವರು ಕೂಡಿ, ಒಂದು ದಿಕ್ಕಿನ ಹೊಲಗಳಲ್ಲಿ ಒಂದೇ ತಳಿಯನ್ನು ಬಿತ್ತುವೆವೆಂದು ನಿರ್ಣಯಿಸಿದರೆ ಮಾತ್ರ ಇದು ಸಾಧ್ಯ. ಹೀಗೆ ಬೀಜದ ಪ್ರಶ್ನೆಯು ಸಹಕಾರದ ಪ್ರಶ್ನೆಯೂ ಆಗಿರುತ್ತದೆ.

ಅಂಥ ಸಹಕಾರವು ಕನಸಲ್ಲವೆಂಬದಕ್ಕೆ ಸಾಕ್ಷಿ ಗಡಿಯಾಚೆಯೇ ಇದೆ. ಬೀದರದಿಂದ ಕೆಲವೇ ಹರದಾರಿ ದೂರದ ಜಹೀರಾಬಾದ ಪ್ರಾಂತದ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸಾಯಿಟಿಯು ಕೆಲಸ ಮಾಡುತ್ತ ಬಂದಿದೆ. ಅದನ್ನು ಬೆಳೆಸಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಪಿ. ವಿ. ಸತೀಶರು. ಅಲ್ಲಿ ಬೀಜದ ಒಡತಿಯರು ದಲಿತ ಹೆಣ್ಣುಮಕ್ಕಳು. ಅಕ್ಷರ ಬಾರದ ಅನೇಕ ತಾಯಂದಿರು ಊರೂರಿನ ಬೀಜದ ಕಣಜಗಳನ್ನು ನಡೆಸಿ, ಬೂದಿ ಬೇವುಗಳಲ್ಲಿ ಬೀಜ ಕಾಯ್ದು, ಮಳೆಯ ನೆಲದಲ್ಲಿ ಹತ್ತಾರು ಕಾಳುಗಳನ್ನು ಕೂಡಿ ಬೆಳೆಯುವದನ್ನು ಲೋಕಕ್ಕೆ ತೋರಿಸಿದರು. ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯು 2019ರಲ್ಲಿ ಅವರನ್ನು ಹುಡುಕಿಕೊಂಡು ಬಂತು. ಅದೇ ಮಳೆ, ಅದೇ ಮಣ್ಣುಗಳುಳ್ಳ ಬೀದರ, ಭಾಲ್ಕಿ, ಔರಾದಗಳ ತಾಯಂದಿರಿಂದ ಇದು ಏಕಾಗಬಾರದು?

ಇದಕ್ಕೆ ಪ್ರತಿಪಕ್ಷದವರ ಆಕ್ಷೇಪಣೆಯನ್ನೂ ನ್ಯಾಯವಾಗಿ ಕೇಳಬೇಕು. ದೇಶಕ್ಕೆ ಬೇಳೆ ಸಾಲದಾಗಿದೆ. ಮ್ಯಾನ್ಮಾರ, ಮೊಜಾಂಬಿಕ, ಟಾಂಜಾನಿಯಾಗಳಿಂದ ತೊಗರಿ ತರಿಸಬೇಕಾಗಿದೆ. 2021ರ ಮೇ ತಿಂಗಳಲ್ಲಿ ತೆರೆದ ಆಮದಿನ ಬಾಗಿಲನ್ನು ಮತ್ತೆ ಮತ್ತೆ ಅವಧಿ ವಿಸ್ತರಿಸಿ ತೆರೆದಿಡಲಾಯಿತು. ಇಂಥ ಹೊತ್ತಿನಲ್ಲಿ ಸಾವಯವದ ಹೆಸರಿನಿಂದ ಇಳುವರಿಯನ್ನು ಇಳಿಸುವದು ದ್ರೋಹವಲ್ಲವೇ ಎಂದು ಅವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಸಿಂಹಳದ ಸರಕಾರವು 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಲ್ಲಿಸಿ, ಅದೇ ವರ್ಷ ನವೆಂಬರದಲ್ಲಿ ಆ ಆಜ್ಞೆಯನ್ನು ಹಿಂತೆಗೆದುಕೊಂಡ ಪ್ರಸಂಗವು ಎಲ್ಲರ ನೆನಪಿನಲ್ಲಿದೆ. ಆಜ್ಞೆಯಿಂದ ಗೊಬ್ಬರವನ್ನು ನಿಲ್ಲಿಸಬಹುದು. ಆಜ್ಞೆಯಿಂದ ಗಿಡದ ಬೇರು ಆಳಕ್ಕಿಳಿಯುವದಿಲ್ಲ. ಆದರೆ ಈ ಪ್ರಸಂಗವು ನಮ್ಮ ವಾದವನ್ನು ಮುರಿಯುವದಿಲ್ಲ, ಗಟ್ಟಿಗೊಳಿಸುತ್ತದೆ. ಇಳುವರಿ ಇಳಿಯಬಾರದೆನ್ನುವವರೇ ಸಾವಯವಕ್ಕೆ ತಕ್ಕ ತಳಿಯನ್ನು ಮೊದಲು ಕೇಳಬೇಕಲ್ಲವೇ? ರೋಗದಿಂದ ಒಣಗಿದ ಹೊಲದ ಇಳುವರಿಯು ಸಾವಯವದ್ದಾದರೂ ಸೊನ್ನೆಯೇ, ರಾಸಾಯನಿಕದ್ದಾದರೂ ಸೊನ್ನೆಯೇ.

ನಿಯಮಗಳೂ ಬೀಜದ ಕಡೆಗೇ ಬೊಟ್ಟು ಮಾಡುತ್ತವೆ. 2001ರಿಂದ ನಡೆದುಬಂದ ನಮ್ಮ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಂತೆ ಸಾವಯವ ಬೆಳೆಗೆ ಸಾವಯವ ಬೀಜವನ್ನೇ ಬಳಸಬೇಕು. ಅದು ದೊರೆಯದಿದ್ದರೆ ಮಾತ್ರ ರಾಸಾಯನಿಕ ಲೇಪವಿಲ್ಲದ ಸಾಮಾನ್ಯ ಬೀಜಕ್ಕೆ ವಿನಾಯತಿ. ಯುರೋಪಿನ ಒಕ್ಕೂಟವು 2022ರಿಂದ ಜಾರಿಗೆ ತಂದ ತನ್ನ ಹೊಸ ಕಾಯದೆಯಲ್ಲಿ ಇಂಥ ವಿನಾಯತಿಗಳಿಗೆ ಅಂತ್ಯದ ಗಡುವನ್ನೇ ಗೊತ್ತುಪಡಿಸಿದೆ; ಒಂದೇ ಅಚ್ಚಿನ ತಳಿಗಳಲ್ಲದೆ, ನಾನಾ ಗುಣಗಳು ಬೆರೆತ ಬೀಜಸಮೂಹಗಳನ್ನೂ ಮಾರಲು ಅವಕಾಶ ಕೊಟ್ಟಿದೆ. ನಮ್ಮಲ್ಲಿ ವಿನಾಯತಿಯೇ ನಿಯಮವಾಗಿ ಹೋದರೆ ಪ್ರಮಾಣಪತ್ರದ ಮೇಲಿನ ಮುದ್ರೆಗೆ ಬೆಲೆಯೇನು?

ಆದುದರಿಂದ ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಕಾಳಿನ ಅಭಿಯಾನದ ಹಣದಲ್ಲಿ ಒಂದು ಪಾಲನ್ನೂ, ನೈಸರ್ಗಿಕ ಕೃಷಿಯ ಹಣದಲ್ಲಿ ಒಂದು ಪಾಲನ್ನೂ ಒಟ್ಟುಗೂಡಿಸಿ ಬೀದರದ ಕೆಂಪು ನೆಲದಲ್ಲಿ ಒಂದು, ಭಾಲ್ಕಿಯ ನೀರಾವರಿಯ ಸೆರಗಿನ ಎರೆಯಲ್ಲಿ ಒಂದು, ಔರಾದದ ಮಳೆಯಾಶ್ರಿತ ನೆಲದಲ್ಲಿ ಒಂದು, ಹೀಗೆ ಮೂರು ಸಾವಯವ ತಳಿಪರೀಕ್ಷೆಯ ಕ್ಷೇತ್ರಗಳನ್ನು ಸ್ಥಾಪಿಸಬೇಕು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯವೂ ಬೀದರದ ಕೃಷಿ ವಿಜ್ಞಾನ ಕೇಂದ್ರವೂ ಇದರ ಹೊಣೆ ಹೊರಲಿ. ಪಟಾಂಚೆರುವಿನ ಜೀನ್ ಭಂಡಾರದಲ್ಲಿ ಕಾಯ್ದಿಟ್ಟಿರುವ ಈ ಸೀಮೆಯ ಹಳೆಯ ತಳಿಗಳು ಮರಳಿ ಈ ಮಣ್ಣಿಗೆ ಇಳಿಯಲಿ. ಆರಿಸುವ ಕೆಲಸದಲ್ಲಿ ರೈತನೂ ರೈತಗಿತ್ತಿಯೂ ಮೊದಲ ದಿನದಿಂದಲೇ ಕೂಡಿರಲಿ. ಹೀಗೆ ಗೆದ್ದ ತಳಿಯನ್ನು ಊರಿನ ಬೀಜಸಂಘಗಳು ಬೆಳೆಯಲಿ. ಬೀಜಕ್ಕೆ ಕಾಳಿಗಿಂತ ಹೆಚ್ಚಿನ ಬೆಲೆಯನ್ನು ಸರಕಾರವು ಮುಂಚಿತವಾಗಿಯೇ ಸಾರಲಿ. 2025-26ರ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 8,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಔಷಧವಿಲ್ಲದೆ ಬೆಳೆದು ಬೀಜವಾಗಿಸಿದವನಿಗೂ ಅದೇ ದರವೆಂದರೆ ಯಾರು ಮುಂದೆ ಬಂದಾರು?

ಪಟ್ಟಣದ ಮಹಾಜನರೂ ಇದರಿಂದ ಹೊರತಲ್ಲ. ಒಂದೇ ಬಗೆಯ, ಒಂದೇ ಗಾತ್ರದ, ಕನ್ನಡಿಯಂಥ ಬೇಳೆಯೇ ಬೇಕೆಂದು ಹಟ ಹಿಡಿಯುವ ಗ್ರಾಹಕನೇ ಹಳೆಯ ತಳಿಗಳನ್ನು ಹೊಲದಿಂದ ಹೊರಗಟ್ಟಿದವರಲ್ಲೊಬ್ಬನು. ಕಲಬುರ್ಗಿಯ ತೊಗರಿ ಬೇಳೆಯು 2019ರಲ್ಲಿ ಭೌಗೋಲಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಬೀದರದ ಬಿದ್ರಿ ಕಲೆಗೂ ಅಂಥ ಮನ್ನಣೆಯುಂಟು. ಹೆಸರು ಕಾಪಾಡುವದಕ್ಕೆ ನಾವು ತೋರಿದ ಆಸ್ಥೆಯನ್ನು ಹೆಸರಿಗೆ ಮೂಲವಾದ ಬೀಜವನ್ನು ಕಾಪಾಡುವದಕ್ಕೂ ತೋರಬೇಕಾಗಿದೆ.

1998ರಲ್ಲಿ ಬೀದರದ ರೈತನು ಸತ್ತಾಗ ನಾಡು ಕಂಬನಿ ಮಿಡಿಯಿತು, ಸಮಿತಿಗಳಾದವು, ಪರಿಹಾರದ ಹಣ ಹಂಚಿತು. ಪರಿಹಾರವು ಸತ್ತ ಬೆಳೆಗೆ ಸಲ್ಲುವ ದಕ್ಷಿಣೆ. ಬೀಜವು ಬರುವ ಬೆಳೆಗೆ ಸಲ್ಲುವ ಬಂಡವಾಳ. ಯಾವ ಸರಕಾರವು ಎರಡನೆಯದಕ್ಕೆ ಮೊದಲು ಕೈಯಿಕ್ಕುವದೋ ಆ ಸರಕಾರಕ್ಕೆ ಮೊದಲನೆಯದರ ಹೊರೆ ತಾನಾಗಿ ಇಳಿಯುವದು. ಬರುವ ಮುಂಗಾರಿನ ಕೂರಿಗೆ ಹೊಲಕ್ಕಿಳಿಯುವದರೊಳಗಾಗಿ ಜಿಲ್ಲೆಯ ಅಧಿಕಾರಿಗಳೂ, ವಿಶ್ವವಿದ್ಯಾಲಯದ ಪಂಡಿತರೂ, ರೈತರ ಮುಂದಾಳುಗಳೂ ಒಂದೇ ಮೇಜಿನ ಸುತ್ತ ಕೂತು, ಔಷಧವಿಲ್ಲದ ಹೊಲಕ್ಕೆ ಯಾವ ಬೀಜ ಎಂಬ ಈ ಒಂದು ಪ್ರಶ್ನೆಗೆ ಉತ್ತರ ಬರೆಯುವರೆಂದು ನಾವು ನಿರೀಕ್ಷಿಸುತ್ತೇವೆ.